ತಾತನ ಎತ್ತರದಿಂದ ಅಳೆದ ಗೂಡ್ಸ್ ಡಬ್ಬಿ

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಕೇಳ್ತಿರೋರಿಗೆ ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಎಪಿಸೋಡ್ ಸ್ವಲ್ಪ ನಿಧಾನ. ವಿಷಯ ಗೂಡ್ಸ್ ಟ್ರೈನ್. ವಂದೇ ಭಾರತ್ ಅಲ್ಲ, ಸ್ಟೀಮ್ ಎಂಜಿನ್ನೂ ಅಲ್ಲ. ಲೆವೆಲ್ ಕ್ರಾಸಿಂಗ್‌ನಲ್ಲಿ ಗೇಟ್ ಹಾಕಿದಾಗ ನಾವೆಲ್ಲ ಬೈಕೊಂಡು ಎಣಿಸ್ತೀವಲ್ಲ, ಆ ತುಕ್ಕು ಹಿಡಿದ ಡಬ್ಬಿಗಳು. ಅದನ್ನ ಅಳತೆ ತಪ್ಪದ ಹಾಗೆ ಚಿಕ್ಕದಾಗಿ ಮಾಡೋರ ಬಗ್ಗೆ ಮಾತಾಡೋಣ. ಅವರಲ್ಲಿ ನಾನೂ ಒಬ್ಬ. ಹೊಸಬ, ಎರಡು ವರ್ಷ ಆಯ್ತು ಅಷ್ಟೇ.

ಮೊದಲು ಒಂದು ಪದ ಸರಿ ಮಾಡ್ಕೊಳ್ಳೋಣ. ನಾವು ರೈಲಿನ ಪೂರ್ತಿ ಡಬ್ಬಿನ 'ಬೋಗಿ' ಅಂತೀವಿ. ರೈಲ್ವೆಯವರಿಗೆ ಬೋಗಿ ಅಂದ್ರೆ ಡಬ್ಬಿ ಕೆಳಗೆ ಇರೋ ನಾಲ್ಕು ಚಕ್ರದ ಗಾಡಿ ಮಾತ್ರ. ಒಂದು ಡಬ್ಬಿಗೆ ಎರಡು ಬೋಗಿ. ಹಳೇ ಸಣ್ಣ ಗೂಡ್ಸ್ ಡಬ್ಬಿಗಳಿಗೆ ಬೋಗಿನೇ ಇರ್ತಿರಲಿಲ್ಲ, ಚಾಸಿಗೆ ನೇರವಾಗಿ ನಾಲ್ಕು ಚಕ್ರ. ಇದು ಯಾಕೆ ಮುಖ್ಯ ಅಂದ್ರೆ, ಆ ನಾಲ್ಕು ಚಕ್ರದ ಡಬ್ಬಿಗಳು ಈಗ ಹಳಿ ಮೇಲೆ ಓಡ್ತಿಲ್ಲ. ಸ್ಕ್ರ್ಯಾಪ್ ಆದ್ವು. ಮೈಸೂರಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಅಲ್ಲಿಗೆ ಹೋದೋರೆಲ್ಲ ಮಹಾರಾಣಿ ಸಲೂನ್ ಮುಂದೆ ನಿಂತು ಸೆಲ್ಫಿ ತಗೋತಾರೆ. ನಾನೂ ತಗೊಂಡಿದ್ದೀನಿ. ಆದ್ರೆ ಊರಿಗೆ ಅಕ್ಕಿ, ಗೊಬ್ಬರ, ಸಿಮೆಂಟ್ ತಂದ ಡಬ್ಬಿ ಮುಂದೆ ನಿಂತು ಫೋಟೋ ತೆಗೆಸ್ಕೊಂಡೋರು ಎಷ್ಟು ಜನ?

ನಮ್ಮ ತಾತ ತೆಗೆಸ್ಕೊಂಡಿದ್ರು. ಬೇಕು ಅಂತ ಅಲ್ಲ. ತಾತ ತುಮಕೂರು ಗೂಡ್ಸ್ ಶೆಡ್‌ನಲ್ಲಿ ಹಮಾಲಿ. ಒಂದು ಆಯುಧಪೂಜೆ ದಿನ ಎಲ್ಲ ಹಮಾಲರೂ ಸಾಲಾಗಿ ನಿಂತಿರೋ ಕಪ್ಪು ಬಿಳುಪು ಫೋಟೋ ಮನೆಲಿದೆ. ಹಿಂದೆ ಒಂದು ಮೀಟರ್ ಗೇಜ್ ಡಬ್ಬಿ, ಬಾಗಿಲು ಅರ್ಧ ತೆರೆದಿದೆ. ತಾತ ಬಲಗಡೆಯಿಂದ ಮೂರನೆಯವರು. ಈಗ ಅವರಿಗೆ ಎಂಬತ್ತು ದಾಟಿದೆ. ಬೆಳಿಗ್ಗೆ ತಿಂಡಿ ತಿಂದಿದ್ದು ಮಧ್ಯಾಹ್ನಕ್ಕೆ ನೆನಪಿರಲ್ಲ. ಆ ಡಬ್ಬಿ ಮಾತ್ರ ಚೆನ್ನಾಗಿ ನೆನಪಿದೆ. ಅದನ್ನ ಮಾಡೋಕೆ ಅಂತಾನೇ ನಾನು ಈ ಹವ್ಯಾಸಕ್ಕೆ ಬಂದಿದ್ದು.

ಈಗ ಲೆಕ್ಕಕ್ಕೆ ಬರೋಣ. ಬಿಕಾಂ ಓದಿದೋನಿಗೆ ಲೆಕ್ಕ ಬಿಟ್ರೆ ಇನ್ನೇನು ಬರುತ್ತೆ!

ಮಾಡೆಲ್ ರೈಲಿನಲ್ಲಿ ಜಗತ್ತಿನಾದ್ಯಂತ ಹೆಚ್ಚು ನಡೆಯೋ ಸ್ಕೇಲ್ ಎಚ್‌ಒ. ನಿಜವಾದ ಒಂದು ಅಡಿಗೆ ಮೂರೂವರೆ ಮಿಲಿಮೀಟರ್, ಅಂದ್ರೆ 87ರಲ್ಲಿ ಒಂದು ಭಾಗ. ಈಗ ನೀವು ನೋಡೋ ತೆರೆದ ಕಲ್ಲಿದ್ದಲು ಡಬ್ಬಿ, ಬಾಕ್ಸ್‌ಎನ್ ಅಂತಾರೆ, ಕಪ್ಲರ್‌ನಿಂದ ಕಪ್ಲರ್‌ಗೆ ಸುಮಾರು 10.7 ಮೀಟರ್. 87ರಿಂದ ಭಾಗಿಸಿದ್ರೆ 123 ಮಿಲಿಮೀಟರ್. ಮೊಬೈಲ್‌ಗಿಂತ ಚಿಕ್ಕದು. ಒಂದು ಮೀಟರ್ ಅಡ್ಡಗಲದ ಹೊಸ ಚಕ್ರ ಹನ್ನೊಂದೂವರೆ ಮಿಲಿಮೀಟರ್‌ಗೆ ಇಳಿಯುತ್ತೆ. ಇಲ್ಲಿವರೆಗೂ ಸುಲಭ.

ತಲೆನೋವು ಶುರುವಾಗೋದು ಹಳಿಯಲ್ಲಿ. ಅಂಗಡಿಯಲ್ಲಿ ಸಿಗೋ ಎಚ್‌ಒ ಹಳಿ 16.5 ಮಿಲಿಮೀಟರ್ ಅಗಲ. ಅದು ಯುರೋಪ್, ಅಮೆರಿಕದ 1435 ಮಿಲಿಮೀಟರ್ ಗೇಜ್‌ಗೆ ಲೆಕ್ಕ ಹಾಕಿದ್ದು. ನಮ್ಮ ಬ್ರಾಡ್ ಗೇಜ್ 1676. 87ರಿಂದ ಭಾಗಿಸಿ ನೋಡಿ, 19.3 ಬರುತ್ತೆ. ಅಂದ್ರೆ ಭಾರತದ ಡಬ್ಬಿನ ಎಷ್ಟೇ ಸರಿಯಾಗಿ ಮಾಡಿ, ಅಂಗಡಿ ಹಳಿ ಮೇಲೆ ಇಟ್ಟ ತಕ್ಷಣ ಅದು ಬೇರೆಯವರ ಚಪ್ಪಲಿ ಹಾಕ್ಕೊಂಡ ಹಾಗೆ ಕಾಣುತ್ತೆ. ಬ್ರಿಟನ್‌ನವರಿಗೂ ಇಂಥದ್ದೇ ಜಗಳ ಇದೆ. ಅವರ ಡಬ್ಬಿ 76ರಲ್ಲಿ ಒಂದು ಭಾಗ, ಹಳಿ ಮಾತ್ರ ಅದೇ 16.5. ಅದನ್ನ ಸಹಿಸದ ಕೆಲವರು 18.83 ಮಿಲಿಮೀಟರ್ ಹಳಿನ ತಾವೇ ಕೂತು ಜೋಡಿಸ್ತಾರೆ. ಪಾಯಿಂಟ್ ಎಂಟು ಮೂರು! ಹುಚ್ಚು ಅನ್ಬೇಡಿ, ಮುಂದೆ ಕೇಳಿ.

ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋ ನನ್ನ ಫ್ರೆಂಡ್ ಒಬ್ಬ ಇದಾನೆ. ಅವನ ಪ್ರಕಾರ 19.3 ಇಲ್ಲದಿದ್ರೆ ಅದು ಮಾಡೆಲ್ ಅಲ್ಲ, ಆಟದ ಸಾಮಾನು. ಹಳಿ, ಆಕ್ಸಲ್ ಎಲ್ಲ ಅವನೇ ಮಾಡ್ಕೋತಾನೆ. ಎರಡು ವರ್ಷದಲ್ಲಿ ಅವನ ಹತ್ರ ಇರೋದು ಮೂರು ಡಬ್ಬಿ, ಒಂದೂವರೆ ಅಡಿ ಹಳಿ. ನನ್ನ ಅಭಿಪ್ರಾಯ ಬೇರೆ. ಡಬ್ಬಿಯ ಮೈ ಸರಿ ಇರಲಿ, ಬರಹ ಸರಿ ಇರಲಿ, ಹಳಿಯಲ್ಲಿ ಸ್ವಲ್ಪ ಹೊಂದಿಸ್ಕೊಳ್ಳಿ. ಇಲ್ಲಾಂದ್ರೆ ವರ್ಷಗಟ್ಟಲೆ ಕೂತ್ರೂ ಒಂದು ರೇಕ್ ಮುಗಿಯಲ್ಲ.

ನಾನು ಹೀಗೆ ಉದಾರವಾಗಿ ಮಾತಾಡೋಕೆ ಒಂದು ಕಾರಣ ಇದೆ. ನಂದು ಮೀಟರ್ ಗೇಜ್ ಡಬ್ಬಿ. 1000 ಮಿಲಿಮೀಟರ್‌ನ 87ರಿಂದ ಭಾಗಿಸಿದ್ರೆ 11.5. ಅಂಗಡಿಯಲ್ಲಿ 12 ಮಿಲಿಮೀಟರ್ ಹಳಿ ಸಿಗುತ್ತೆ, ಸ್ವಿಟ್ಜರ್ಲೆಂಡ್‌ನ ಮೀಟರ್ ಗೇಜ್ ರೈಲಿಗೆ ಅಂತ ಮಾಡಿರೋದು. ಅರ್ಧ ಮಿಲಿಮೀಟರ್ ವ್ಯತ್ಯಾಸ ಅಷ್ಟೇ. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರದ ಹಳೇ ನ್ಯಾರೋ ಗೇಜ್ 762 ಮಿಲಿಮೀಟರ್ ಇತ್ತು. ಅದಕ್ಕೆ 8.76 ಬರುತ್ತೆ, 9 ಮಿಲಿಮೀಟರ್ ಹಳಿ ಹೇಳಿ ಮಾಡಿಸಿದ ಹಾಗೆ ಕೂರುತ್ತೆ. ಕಳೆದುಹೋದ ಗೇಜ್‌ಗಳಿಗೆ ಹಳಿ ಸಿಗುತ್ತೆ, ಕಣ್ಣ ಮುಂದೆ ಓಡೋ ಬ್ರಾಡ್ ಗೇಜ್‌ಗೆ ಸಿಗಲ್ಲ. ತಮಾಷೆ ಅಲ್ವಾ?

ನಮ್ಮ ಏರಿಯಾಗಳಿಗೂ ಗೇಜಿಗೂ ಇರೋ ಸಂಬಂಧ ನೋಡಿ. ವೈಟ್‌ಫೀಲ್ಡ್ ಇರೋದು ಜೋಲಾರಪೇಟೆ ಲೈನ್‌ನಲ್ಲಿ. 1864ರಲ್ಲಿ ಕಂಟೋನ್ಮೆಂಟ್‌ಗೆ ರೈಲು ಬಂದಾಗಿಂದ ಅದು ಬ್ರಾಡ್ ಗೇಜ್. ಪೀಣ್ಯದ ಪಕ್ಕದ ತುಮಕೂರು ಲೈನ್ ಮೀಟರ್ ಗೇಜ್ ಆಗಿತ್ತು. ಎಲೆಕ್ಟ್ರಾನಿಕ್ ಸಿಟಿ ಹತ್ರ ಹೀಲಲಿಗೆ ಸ್ಟೇಷನ್ ಇದೆಯಲ್ಲ, ಆ ಸೇಲಂ ಲೈನ್ ಕೂಡ. ಎರಡೂ 1990ರ ದಶಕದಲ್ಲಿ ಬ್ರಾಡ್ ಗೇಜ್ ಆದ್ವು. ಅದಕ್ಕೂ ಮುಂಚೆ ಒಂದು ಗೇಜ್‌ನಿಂದ ಇನ್ನೊಂದಕ್ಕೆ ಸರಕು ಹೋಗಬೇಕಂದ್ರೆ ಈ ಡಬ್ಬಿಯಿಂದ ಇಳಿಸಿ ಆ ಡಬ್ಬಿಗೆ ತುಂಬಬೇಕಿತ್ತು. ಕ್ರೇನ್ ಎಲ್ಲಿಂದ ಬರಬೇಕು? ಮನುಷ್ಯರ ಬೆನ್ನೇ. ಕ್ವಿಂಟಾಲ್ ಮೂಟೆ. ಈಗ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋದಲ್ಲಿ ಇಡೀ ಕಂಟೇನರನ್ನೇ ಯಂತ್ರ ಎತ್ತಿ ಲಾರಿ ಮೇಲೆ ಇಡುತ್ತೆ. ಆ ಕಂಟೇನರ್ ಹೊರೋ ಡಬ್ಬಿಗೆ ಗೋಡೆ ಇಲ್ಲ, ಬಾಗಿಲಿಲ್ಲ, ಬರೀ ತಗ್ಗಾದ ಚಾಸಿ. ಮಾಡೆಲ್ ಮಾಡೋಕೆ ಹೊಸಬರಿಗೆ ಅದೇ ಸುಲಭ, ಅಲ್ಲಿಂದ ಶುರು ಮಾಡಿ.

ಸರಿ, ನನ್ನ ಡಬ್ಬಿ. ಡ್ರಾಯಿಂಗ್ ಸಿಕ್ಕಿಲ್ಲ. ಇದ್ದಿದ್ದು ಒಂದು ಫೋಟೋ, ಒಬ್ಬ ತಾತ. ಫೋಟೋದಿಂದ ಅಳತೆ ತೆಗೆಯೋಕೆ ಅದರಲ್ಲಿ ಅಳತೆ ಗೊತ್ತಿರೋ ಒಂದು ವಸ್ತು ಬೇಕು. ಸಾಮಾನ್ಯವಾಗಿ ಚಕ್ರ ತಗೋತಾರೆ. ಆದ್ರೆ ಚಕ್ರ ಸವೆಯುತ್ತೆ, ಇಲ್ಲಂತೂ ಪ್ಲಾಟ್‌ಫಾರ್ಮ್ ಹಿಂದೆ ಮುಚ್ಚಿಹೋಗಿದೆ. ಇನ್ನುಳಿದಿದ್ದು ತಾತನೇ. ವಯಸ್ಸಲ್ಲಿ ಅವರ ಎತ್ತರ ಐದಡಿ ನಾಲ್ಕಿಂಚು. ಹೇಗೆ ಗೊತ್ತು ಅಂದ್ರೆ, ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿ ಎತ್ತರ ಸಾಲಲಿಲ್ಲ ಅಂತ ವಾಪಸ್ ಬಂದಿದ್ರು. ಆ ಸಿಟ್ಟಲ್ಲಿ ಆ ಸಂಖ್ಯೆನ ಅವರು ಮರೆತೇ ಇಲ್ಲ. ಐದಡಿ ನಾಲ್ಕಿಂಚು ಅಂದ್ರೆ 1:87ರಲ್ಲಿ 18.7 ಮಿಲಿಮೀಟರ್. ಫೋಟೋನ ಸ್ಕ್ಯಾನ್ ಮಾಡಿ, ತಾತ 18.7 ಆಗೋವರೆಗೂ ಚಿಕ್ಕದು ಮಾಡಿದೆ. ಅವರು ಡಬ್ಬಿಗಿಂತ ಕ್ಯಾಮೆರಾಗೆ ಹತ್ರ ನಿಂತಿರೋದ್ರಿಂದ ಸ್ವಲ್ಪ ದೊಡ್ಡದಾಗಿ ಕಾಣ್ತಾರೆ, ಹಾಗಾಗಿ ಡಬ್ಬಿಯನ್ನ ಒಂಚೂರು ಹಿಗ್ಗಿಸಬೇಕು. ಎಷ್ಟು ಅನ್ನೋದೇ ಪ್ರಶ್ನೆ.

ತಾತನ್ನೇ ಕೇಳಿದೆ. 'ತಾತ, ಬಾಗಿಲು ಎಷ್ಟೆತ್ತರ ಇತ್ತು?' 'ಅಡಿ ಇಂಚು ನಂಗೇನ್ ಗೊತ್ತೋ? ಬರೀ ಕೈಲಿ ಹೋದ್ರೆ ನೆಟ್ಟಗೆ ಹೋಗ್ತಿದ್ದೆ. ಬೆನ್ ಮೇಲೆ ಮೂಟೆ ಇದ್ರೆ ಬಗ್ಗಬೇಕಿತ್ತು.' ಆಮೇಲೆ ಎದ್ದು ನಿಂತ್ರು. ಹೆಗಲ ಮೇಲೆ ಮೂಟೆ ಇರೋ ಹಾಗೆ ಕೈ ಹಿಂದೆ ಮಾಡಿ, ಕುತ್ತಿಗೆ ತಗ್ಗಿಸಿ, ನಮ್ಮನೆ ಅಡುಗೆಮನೆ ಬಾಗಿಲು ದಾಟಿದ್ರು. 'ಇದಕ್ಕಿಂತ ಗೇಣುದ್ದ ಕಮ್ಮಿ' ಅಂದ್ರು. ಮತ್ತೆ ದಾಟಿ, 'ಗೇಣಿಲ್ಲ, ನಾಲ್ಕು ಬೆರಳು' ಅಂತ ತಿದ್ದಿದ್ರು. ಅಪ್ಪ ಟೇಪ್ ಹಿಡಿದು ಬರ್ಕೊಂಡ್ರು. ಇಂಚಿನ ಟೇಪ್‌ಗಿಂತ ಬೆನ್ನಿನ ನೆನಪು ಗಟ್ಟಿ ಅಂತ ಅವತ್ತು ಗೊತ್ತಾಯ್ತು. ಆ ಲೆಕ್ಕಕ್ಕೂ ಫೋಟೋ ಲೆಕ್ಕಕ್ಕೂ ಬಂದ ವ್ಯತ್ಯಾಸ ಮಾಡೆಲ್‌ನಲ್ಲಿ ಅರ್ಧ ಮಿಲಿಮೀಟರ್ ಒಳಗೇ ಇತ್ತು. ನಾನು ತಾತನ ಲೆಕ್ಕಕ್ಕೇ ಹೋದೆ.

ಅಪ್ಪ ಪೀಣ್ಯದಲ್ಲಿ ಮಿಲ್ಲಿಂಗ್ ಮೆಷಿನ್ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದೋರು. ನಾನು 'ಪಾಯಿಂಟ್ ಒಂದು ಮಿಲಿಮೀಟರ್ ಒಳಗೆ ಇದೆ' ಅಂತ ಹೆಮ್ಮೆಯಿಂದ ಹೇಳಿದ್ರೆ ನಗ್ತಾರೆ. 'ಅಷ್ಟು ತಪ್ಪಿದ್ರೆ ನಮ್ ಪೀಸ್ ರಿಜೆಕ್ಟ್ ಕಣೋ.' ಆದ್ರೆ ಅಪ್ಪನಿಗೂ ಒಂದು ಕಡೆ ಕೈ ಕಟ್ಟಿತು. ನಿಜವಾದ ಡಬ್ಬಿಯ ತಗಡು ಐದು ಮಿಲಿಮೀಟರ್ ದಪ್ಪ ಅಂದ್ಕೊಳ್ಳಿ, ಮಾಡೆಲ್‌ನಲ್ಲಿ ಅದು 0.06 ಮಿಲಿಮೀಟರ್ ಆಗಬೇಕು. ಅಷ್ಟು ತೆಳು ಪ್ಲಾಸ್ಟಿಕ್ ಶೀಟ್ ಮುಟ್ಟಿದ್ರೇ ಮಡಚಿಕೊಳ್ಳುತ್ತೆ. ಹಾಗಾಗಿ ಗೋಡೆ ಅರ್ಧ ಮಿಲಿಮೀಟರ್ ಶೀಟ್‌ನಲ್ಲೇ ಮಾಡಿ, ಕಣ್ಣಿಗೆ ಕಾಣೋ ಅಂಚು, ಅಂದ್ರೆ ಬಾಗಿಲ ತುದಿ ಮಾತ್ರ ಒಳಗಿಂದ ಉಜ್ಜಿ ತೆಳು ಮಾಡ್ತೀವಿ. ಹಳೇ ಡಬ್ಬಿಗಳಿಗೆ ರಿವೆಟ್ ಹೊಡೀತಿದ್ರು. ಇಪ್ಪತ್ತು ಮಿಲಿಮೀಟರ್ ರಿವೆಟ್ ತಲೆ ಇಲ್ಲಿ 0.23 ಮಿಲಿಮೀಟರ್. ತೆಳು ಶೀಟ್‌ನ ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಒತ್ತಿದ್ರೆ ಮುಂದೆ ಚುಕ್ಕಿ ಏಳುತ್ತೆ. ಒಂದೇ ಒತ್ತಡ, ಒಂದೇ ಅಂತರ. ಅಪ್ಪ ಅದಕ್ಕೆ ಅಂತ ಒಂದು ಜಿಗ್ ಮಾಡಿಕೊಟ್ರು, ಈಗ ನಾನಿಲ್ಲದಾಗ ಅವರೇ ಕೂತು ಒತ್ತುತ್ತಿರ್ತಾರೆ.

ಬಣ್ಣ, ಬರಹದ ವಿಷಯ ಇನ್ನೂ ಸೂಕ್ಷ್ಮ. 1975ರ ತುಮಕೂರು ಅಂತ ಹೇಳಿ ಡಬ್ಬಿ ಮೇಲೆ ನೈಋತ್ಯ ರೈಲ್ವೆ ಅಂತ ಬರೆದ್ರೆ ಮುಗೀತು ಕಥೆ, ಆ ವಲಯ ಕೆಲಸ ಶುರು ಮಾಡಿದ್ದೇ 2003ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ದಕ್ಷಿಣ ರೈಲ್ವೆ. ಅದು ಹುಟ್ಟಿದ್ದು 1951ರಲ್ಲಿ, ನಮ್ಮ ಮೈಸೂರು ಸ್ಟೇಟ್ ರೈಲ್ವೆನೂ ಸೇರಿ ಮೂರು ಕಂಪನಿ ಒಂದಾದಾಗ. ಹಾಗಂತ ರೇಕ್‌ನಲ್ಲಿ ಎಲ್ಲ ಡಬ್ಬಿಗೂ ಒಂದೇ ವಲಯದ ಹೆಸರು ಬರೆದ್ರೂ ಅನುಮಾನ ಬರುತ್ತೆ, ಯಾಕಂದ್ರೆ ಬ್ರಾಡ್ ಗೇಜ್ ಡಬ್ಬಿಗಳು ದೇಶ ಎಲ್ಲ ಸುತ್ತುತ್ವೆ. ಗುವಾಹಟಿದು ಕಡುಗೋಡಿಯಲ್ಲಿ ನಿಂತಿರುತ್ತೆ.

ಈಗಿನ ಡಬ್ಬಿ ಮಾಡೋರಿಗೆ ಒಂದು ಮಜಾ ಇದೆ. ಅದರ ಮೇಲೆ ಹನ್ನೊಂದು ಅಂಕಿ ನಂಬರ್ ಇರುತ್ತೆ. ಮೊದಲೆರಡು ಡಬ್ಬಿ ಯಾವ ಬಗೆ ಅಂತ, 30ರಿಂದ 39 ಇದ್ರೆ ಮುಚ್ಚಿದ ಡಬ್ಬಿ. ಮುಂದಿನೆರಡು ಯಾರದು, ಆಮೇಲಿನೆರಡು ತಯಾರಾದ ವರ್ಷ, ನಂತರ ನಾಲ್ಕು ಸೀರಿಯಲ್. ಕೊನೇದು ಚೆಕ್ ಡಿಜಿಟ್. ನಮ್ಮ ಜಿಎಸ್‌ಟಿ ನಂಬರಿನ ಕೊನೇ ಅಕ್ಷರ ಇದ್ದ ಹಾಗೆ. ಸುಮ್ನೆ ಒಂದು ನಂಬರ್ ತಗೊಳ್ಳೋಣ: 3106961245. ಎರಡು, ನಾಲ್ಕು, ಆರು, ಎಂಟು, ಹತ್ತನೇ ಜಾಗದ ಅಂಕಿ ಕೂಡಿದ್ರೆ 20. ಮೂರರಿಂದ ಗುಣಿಸಿ, 60. ಉಳಿದವನ್ನ ಕೂಡಿದ್ರೆ 17. ಒಟ್ಟು 77. ಮುಂದಿನ ಹತ್ತರ ಗುಣಕ 80, ಅಲ್ಲಿಗೆ ಬೇಕಾಗಿರೋದು 3. ಹಾಗಾಗಿ ಹನ್ನೊಂದನೇ ಅಂಕಿ 3. ನೀವು ನಾಲ್ಕು ಅಂತ ಬರೆದ್ರೆ ಅಂಥ ಡಬ್ಬಿ ಭಾರತದಲ್ಲಿ ಇರೋಕೆ ಸಾಧ್ಯವೇ ಇಲ್ಲ. ನನ್ನ ಟೆಸ್ಟಿಂಗ್ ಫ್ರೆಂಡ್ ಯಾರ ಮನೆಗೆ ಹೋದ್ರೂ ಡಬ್ಬಿ ನೋಡಿ ಮೊದಲು ಇದನ್ನೇ ಮನಸ್ಸಲ್ಲಿ ಕೂಡ್ತಾನೆ. ಅವನನ್ನ ಕರೆಯೋ ಮುಂಚೆ ಯೋಚನೆ ಮಾಡಿ.

ಒಂದು ಎಚ್ಚರಿಕೆ. ಅಳತೆ ಬೇಕು ಅಂತ ಯಾರ್ಡ್ ಒಳಗೆ ನುಗ್ಗಬೇಡಿ, ಹಳಿ ದಾಟಬೇಡಿ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ನಿಂತಿದೆ ಅನ್ಕೊಂಡ ರೇಕ್ ಸದ್ದಿಲ್ಲದೆ ಹೊರಟುಬಿಡುತ್ತೆ. ಪ್ಲಾಟ್‌ಫಾರ್ಮ್‌ನಲ್ಲಿ ನಿಂತೇ ಬೇಕಾದಷ್ಟು ಓದಬಹುದು. ಡಬ್ಬಿಯ ಮೈಮೇಲೆ ಖಾಲಿ ತೂಕ, ಎಷ್ಟು ಹೊರುತ್ತೆ, ಮತ್ತೆ ಯಾವಾಗ ವರ್ಕ್‌ಶಾಪ್‌ಗೆ ವಾಪಸ್ ಹೋಗಬೇಕು, ಎಲ್ಲ ಬರೆದಿರುತ್ತೆ.

ನನ್ನ ಡಬ್ಬಿ ಹೋದ ತಿಂಗಳು ಮುಗೀತು. ತಾತನ ಕೈಗೆ ಕೊಟ್ಟೆ. ತುಂಬ ಹೊತ್ತು ತಿರುಗಿಸಿ ನೋಡಿದ್ರು. 'ಚೆನ್ನಾಗಿದೆ' ಅಂತಾರೇನೋ ಅಂತ ಕಾಯ್ತಿದ್ದೆ. 'ಒಳಗೆ ಯಾಕಿಷ್ಟು ಕ್ಲೀನು? ಕಾಳು ಚೆಲ್ಲಿರ್ತಿತ್ತು' ಅಂದ್ರು. ಅಮ್ಮ ಅಡುಗೆಮನೆಯಿಂದ ರಾಗಿ ಹಿಟ್ಟಿನ ಜರಡಿಲಿ ಉಳಿದ ತೌಡು ತಂದುಕೊಟ್ರು. ಈಗ ನೆಲದ ಮೇಲೆ ಚಿಟಿಕೆ ತೌಡು ಅಂಟಿಸಿದೆ. ಮುಂದೆ ಗಾರ್ಡ್ ಕೂರೋ ಬ್ರೇಕ್ ವ್ಯಾನ್ ಮಾಡಬೇಕು. ಅವರನ್ನ 2022ರಿಂದ ಟ್ರೈನ್ ಮ್ಯಾನೇಜರ್ ಅಂತಾರೆ, ಆದ್ರೆ ನನ್ನ ರೈಲಲ್ಲಿ ಇನ್ನೂ ಗಾರ್ಡೇ. ಅದಕ್ಕೆ ನನ್ನ ಹತ್ರ ಫೋಟೋ ಇಲ್ಲ.

ಹಾಗಾಗಿ ನಿಮ್ಮ ಹತ್ರ ಒಂದು ಕೆಲಸ. ಮನೆಯ ಹಳೇ ಆಲ್ಬಮ್ ತೆಗೀರಿ. ಮದುವೆ ದಿಬ್ಬಣ ಸ್ಟೇಷನ್‌ನಲ್ಲಿ ಇಳಿದಿದ್ದು, ಯಾರೋ ಮಿಲಿಟರಿಗೆ ಹೊರಟಿದ್ದು, ಇಂಥ ಫೋಟೋಗಳಲ್ಲಿ ಮುಂದೆ ನಿಂತೋರನ್ನ ಬಿಟ್ಟು ಹಿಂದೆ ನೋಡಿ. ಮೂಲೆಯಲ್ಲಿ ಗೂಡ್ಸ್ ಡಬ್ಬಿ ಇದ್ರೆ, ಅದರ ಪಕ್ಕದಲ್ಲಿ ನಿಂತೋರ ಎತ್ತರ ಎಷ್ಟು ಅಂತ ಅವರು ಇರೋವಾಗಲೇ ಕೇಳಿ, ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ. ಮುಂದಿನ ವಾರ ಸಿಗೋಣ.