ತಂತಿಯ ನಡುಕ, ಗೋಡೆಯ ದನಿ

ಮಕ್ಕಳೇ, ಬಾಯಿ ಮುಚ್ಚಿಕೊಂಡು ‘ಹ್ಞೂಂ’ ಎಂದು ಉದ್ದಕ್ಕೆ ಗುನುಗಿ. ಅಂಗೈಯನ್ನು ಎದೆಯ ಮೇಲಿಟ್ಟು ನೋಡಿ. ಒಳಗೆ ಸಣ್ಣಗೆ ನಡುಗುತ್ತಿದೆ, ಅಲ್ಲವೇ? ಆ ನಡುಕ ಗಾಳಿಯನ್ನು ಅಲುಗಿಸುತ್ತದೆ, ಗಾಳಿ ನಮ್ಮ ಕಿವಿತಮಟೆಯನ್ನು ಅಲುಗಿಸುತ್ತದೆ. ಅದೇ ಸದ್ದು.

ಐಸ್‌ಲ್ಯಾಂಡ್ ಎಂಬ ಚಳಿನಾಡಿನಲ್ಲಿ 1982ರಲ್ಲಿ ಹುಟ್ಟಿದ ಹಿಲ್ದುರ್ ಗುದ್ನಾದೋತ್ತಿರ್ ಈ ನಡುಕದ ಬೆನ್ನು ಹತ್ತಿದವರು. ಚಿಕ್ಕಂದಿನಲ್ಲೇ ಚೆಲ್ಲೋ ಕಲಿತರು. ಅದು ಪಿಟೀಲಿನ ಜಾತಿಯದೇ, ಆದರೆ ಬಲು ದೊಡ್ಡದು; ಕುರ್ಚಿಯಲ್ಲಿ ಕೂತು ಎದೆಗೊರಗಿಸಿ ನುಡಿಸಬೇಕು. ತಂತಿ ನಡುಗಿದರೆ ನುಡಿಸುವವರ ಎದೆಗೂ ಅದು ತಿಳಿಯುತ್ತದೆ. 2014ರ ‘ಸಾಮನ್’ ಎಂಬ ಸಂಗೀತ ಸಂಗ್ರಹದಲ್ಲಿ ಅವರು ಚೆಲ್ಲೋ ಜೊತೆ ತಮ್ಮ ದನಿಯನ್ನೂ ಬೆರೆಸಿದ್ದಾರೆ. ತಂತಿ ಎಲ್ಲಿ ಮುಗಿಯಿತು, ಗಂಟಲು ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ!

ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕು ‘ಕುಂಯ್’ ಎಂದು ಕಿರುಚುವುದನ್ನು ಕೇಳಿದ್ದೀರಲ್ಲ? ಸ್ಪೀಕರಿನ ಸದ್ದು ತಿರುಗಿ ಮೈಕಿನೊಳಗೆ ಹೋಗುತ್ತದೆ, ಇನ್ನಷ್ಟು ದೊಡ್ಡದಾಗಿ ಸ್ಪೀಕರಿನಿಂದ ಬರುತ್ತದೆ, ಮತ್ತೆ ಮೈಕಿಗೆ ಹೋಗುತ್ತದೆ. ಉಯ್ಯಾಲೆ ಹಿಂದೆ ಬಂದಾಗಲೆಲ್ಲ ಒಂದೊಂದು ಪುಟ್ಟ ತಳ್ಳು ಕೊಟ್ಟರೆ ಜೀಕು ಏರುತ್ತಲೇ ಹೋಗುತ್ತದಲ್ಲ, ಹಾಗೆ.

ಹಾಲ್ಡೋರ್ ಉಲ್ಫಾರ್ಸನ್ ಎಂಬವರು ಈ ಕಿರುಚಾಟವನ್ನೇ ಪಳಗಿಸಿ ಒಂದು ವಾದ್ಯ ಮಾಡಿದರು: ಹಾಲ್ಡೋರೋಫೋನ್. ನೋಡಲು ಚೆಲ್ಲೋ ತರಹವೇ, ಆದರೆ ಅದರ ಮೈಯಲ್ಲೇ ಒಂದು ಸ್ಪೀಕರು. ತಂತಿಯ ನಡುಕ ಸ್ಪೀಕರಿಗೆ ಹೋಗುತ್ತದೆ, ಸ್ಪೀಕರು ತಂತಿಯನ್ನು ಮತ್ತೆ ನಡುಗಿಸುತ್ತದೆ. ಕಮಾನು ಎತ್ತಿದರೂ ತಂತಿ ಮೊರೆಯುತ್ತಲೇ ಇರುತ್ತದೆ. ‘ಜೋಕರ್’ ಚಿತ್ರಕ್ಕೆ ಹಿಲ್ದುರ್ ಇದನ್ನು ನುಡಿಸಿದರು. (ಅದು ದೊಡ್ಡವರಾದ ಮೇಲೆ ನೋಡುವ ಚಿತ್ರ.) ಕಥೆ ಓದಿ, ಚಿತ್ರೀಕರಣಕ್ಕೂ ಮೊದಲೇ ಸಂಗೀತ ಕಟ್ಟಿದರು. ಅದನ್ನು ಕೇಳುತ್ತಲೇ ನಟ ಕುಣಿದ ಕುಣಿತ ಚಿತ್ರದಲ್ಲಿದೆ. 2020ರಲ್ಲಿ ಆ ಸಂಗೀತಕ್ಕೆ ಆಸ್ಕರ್ ಬಂತು.

ನನಗೆ ಇನ್ನೂ ಇಷ್ಟವಾದದ್ದು ‘ಚೆರ್ನೋಬಿಲ್’ ಧಾರಾವಾಹಿಯ ಕೆಲಸ. 1986ರಲ್ಲಿ ಚೆರ್ನೋಬಿಲ್ ಎಂಬಲ್ಲಿ ನಡೆದ ಅಣುಸ್ಥಾವರ ದುರಂತದ ಕಥೆ ಅದು. ವಾದ್ಯಗಳೇ ಬೇಡವೆಂದು ಹಿಲ್ದುರ್ ಲಿಥುವೇನಿಯಾದಲ್ಲಿ ಕೆಲಸ ನಿಲ್ಲಿಸಿದ್ದ ಇಗ್ನಾಲಿನಾ ಎಂಬ ಅಣುಸ್ಥಾವರಕ್ಕೆ ಹೋದರು. ಮೈತುಂಬ ರಕ್ಷಣಾ ಉಡುಪು ತೊಟ್ಟು, ಅಲ್ಲಿನ ಬಾಗಿಲು, ಯಂತ್ರ, ಕೋಣೆಗಳ ಸದ್ದನ್ನು ತಂಡದೊಂದಿಗೆ ಸೆರೆಹಿಡಿದರು.

ಖಾಲಿ ತರಗತಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಗೋಡೆಗಳು ಅದನ್ನು ಹಿಂದಕ್ಕೆ ಕೊಡುತ್ತವೆ, ಒಂದೊಂದು ಕೋಣೆ ಒಂದೊಂದು ಬಗೆಯಲ್ಲಿ. ಸ್ಥಾವರದ ಕೋಣೆಗಳು ಸದ್ದನ್ನು ಹೇಗೆ ಹಿಂದಿರುಗಿಸುತ್ತವೆ ಎಂಬುದನ್ನೂ ಅವರು ದಾಖಲಿಸಿಕೊಂಡರು. ಆಮೇಲೆ ತಾವು ಹಾಡಿದ ದನಿಯನ್ನು ಕಂಪ್ಯೂಟರಿನಲ್ಲಿ ಆ ಕೋಣೆಗಳೊಳಗೆ ಕೂರಿಸಿದರು.