ಕಾಣದ ಬದಿಯ ಸಾಕ್ಷ್ಯ: ಕ್ಯಾಂಟನ್ನಿನ ರಫ್ತು ಪೀಠೋಪಕರಣಗಳು ಮತ್ತು ಅಲಂಕಾರ ದೀಪಗಳು

ಚೀನಾದ ಬಡಗಿಗಳು ಹೊರದೇಶದವರಿಗೆಂದು ಮಾಡಿಕೊಟ್ಟ ಮೇಜು, ಕುರ್ಚಿ, ದೀಪಗಳ ಬಗ್ಗೆ ಕನ್ನಡದಲ್ಲಿ ಒಂದು ಇಡೀ ದತ್ತಿ ಉಪನ್ಯಾಸಕ್ಕೆ ಆಹ್ವಾನ ಬರುವುದು ಅಪರೂಪದ ಗೌರವ. ಹಳೆಯ ವಸ್ತುವನ್ನು ಎದುರಿನಿಂದ ನೋಡಿ ಮೆಚ್ಚಿದರೆ ಸಾಲದು, ಬೋರಲು ಹಾಕಿ ನೋಡಬೇಕು ಎಂಬುದು ಈ ದತ್ತಿ ಯಾರ ನೆನಪಿಗೆ ಮೀಸಲೋ ಆ ಹಿರಿಯರ ನಿಲುವಾಗಿತ್ತು. ಮುಂದಿನ ಮಾತುಗಳು ಆ ನಿಲುವಿನ ಸಮರ್ಥನೆಗೇ ಹೊರಟಿವೆ.

ಇತಿಹಾಸದ ಚೌಕಟ್ಟು ಯಾವ ಪುಸ್ತಕದಲ್ಲೂ ಸಿಗುತ್ತದೆ. ಚುಟುಕಾಗಿ ಹೇಳಿದರೆ ಸಾಕು. 1757ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿ ಯುರೋಪಿನವರ ಕಡಲ ವ್ಯಾಪಾರವನ್ನು ಕ್ಯಾಂಟನ್ ಬಂದರಿಗೆ ಸೀಮಿತಗೊಳಿಸಿದ. 1842ರ ನಾನ್‌ಕಿಂಗ್ ಒಪ್ಪಂದದವರೆಗೂ ಅದೇ ಏರ್ಪಾಡು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಒಡಲು ತುಂಬುತ್ತಿದ್ದದ್ದು ಚಹಾ. ಪೀಠೋಪಕರಣಗಳನ್ನು ಬಹುಮಟ್ಟಿಗೆ ಕಪ್ತಾನರೂ ಅಧಿಕಾರಿಗಳೂ ತಮ್ಮ ಖಾಸಗಿ ವ್ಯಾಪಾರಕ್ಕೆ ಬಿಟ್ಟ ಜಾಗದಲ್ಲಿ ತರುತ್ತಿದ್ದರು. 1784ರಲ್ಲಿ ನ್ಯೂಯಾರ್ಕಿನಿಂದ ಹೊರಟ ‘ಎಂಪ್ರೆಸ್ ಆಫ್ ಚೈನಾ’ ಹಡಗಿನೊಂದಿಗೆ ಅಮೆರಿಕನ್ನರೂ ಈ ವ್ಯಾಪಾರಕ್ಕೆ ಇಳಿದರು. ಅವರು ತಂದ ಸರಕಿನ ದೊಡ್ಡ ಸಂಗ್ರಹ ಇಂದು ಅಮೆರಿಕದ ಸೇಲಂ ಪಟ್ಟಣದ ಪೀಬಡಿ ಎಸೆಕ್ಸ್ ಮ್ಯೂಸಿಯಂನಲ್ಲಿದೆ.

ಮೆರುಗೆಣ್ಣೆಯ ಪೆಟ್ಟಿಗೆ, ಬೀರು, ಮಡಿಸುವ ತೆರೆಗಳು ಎಲ್ಲಿ ತಯಾರಾದವು ಎಂಬ ವಿಷಯದಲ್ಲಿ ಹೆಚ್ಚು ಜಗಳವಿಲ್ಲ. ಚನ್ನಪಟ್ಟಣದ ಅರಗು ಕೀಟದಿಂದ ಬಂದದ್ದು, ಬಿಸಿ ತಾಗಿದರೆ ಕರಗುತ್ತದೆ. ಚೀನಾದ ಮೆರುಗು ಮರದ ಹಾಲು. ತೇವದ ಗಾಳಿಯಲ್ಲಿ ಗಟ್ಟಿಯಾಗುತ್ತದೆ, ಗಟ್ಟಿಯಾದ ಮೇಲೆ ಬಿಸಿಗೆ ಬಗ್ಗುವುದಿಲ್ಲ. ಎರಡನ್ನೂ ಪರೀಕ್ಷೆಯಿಂದ ಬೇರ್ಪಡಿಸಬಹುದು. ವಿವಾದ ಇರುವುದು ಮೆರುಗಿಲ್ಲದ ಗಟ್ಟಿಮರದ ವಸ್ತುಗಳಲ್ಲಿ.

18ನೇ ಶತಮಾನದ ಒಂದು ಕುರ್ಚಿ ಎದುರಿಗಿದೆ ಎಂದುಕೊಳ್ಳಿ. ಮಾದರಿ ಅಪ್ಪಟ ಇಂಗ್ಲಿಷ್. ಮರ ಕೆಂಪುಮಿಶ್ರಿತ ಕಂದು, ಕೈಗೆ ಭಾರ. ಇದು ಕ್ಯಾಂಟನ್ನಿನದೋ, ಭಾರತದ್ದೋ?

ಮರವನ್ನೇ ನಂಬುವ ಪಕ್ಷ ಹಳೆಯದು, ಹರಾಜಿನ ಪಟ್ಟಿಗಳಲ್ಲಿ ಇಂದಿಗೂ ಬಲವಾಗಿದೆ. ಬೀಟೆಯೋ ಪಡೌಕೋ ಆದರೆ ಭಾರತ ಅಥವಾ ಬರ್ಮಾ ಕಡೆಯ ಮರ, ಮಾದರಿ ಇಂಗ್ಲಿಷರದು, ಆದ್ದರಿಂದ ವಸ್ತು ಆಂಗ್ಲೋ-ಇಂಡಿಯನ್. ಇದು ಅವರ ಲೆಕ್ಕ. ಮರ ಗುರುತಿಸುವ ಅವರ ಶ್ರಮವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅಲ್ಲಿಂದ ಊರಿಗೆ ಜಿಗಿಯುವ ತರ್ಕ ನಿಲ್ಲುವುದಿಲ್ಲ.

ರಕ್ತಚಂದನವನ್ನೇ ನೋಡಿ. ಹೊನ್ನೆ, ಪಡೌಕ್, ರಕ್ತಚಂದನ ಮೂರೂ ಒಂದೇ ಕುಲದ ಮರಗಳು. ರಕ್ತಚಂದನದ ತವರು ಕಡಪ, ಚಿತ್ತೂರು ಸುತ್ತಿನ ಪೂರ್ವಘಟ್ಟದ ಕಾಡು. ಚೀನಾದ ಅರಮನೆಗಳು ಎಲ್ಲಕ್ಕಿಂತ ಮೇಲೆಂದು ಎಣಿಸಿದ ‘ಜಿಟಾನ್’ ಮರ ಇದೇ ಎಂದು ಆ ದೇಶದ 2000ನೇ ಇಸವಿಯ ರಾಷ್ಟ್ರೀಯ ಮಾನದಂಡ ನಿಗದಿ ಮಾಡಿದೆ. ಅಷ್ಟಕ್ಕೇ ಬೀಜಿಂಗಿನ ಅರಮನೆಯ ಆಸನವನ್ನು ಆಂಧ್ರದ ಕೆಲಸವೆಂದು ಯಾರೂ ಕರೆಯುವುದಿಲ್ಲ. ಮೈಸೂರು ಸೀಮೆಯ ಶ್ರೀಗಂಧ ಪಶ್ಚಿಮ ಕರಾವಳಿಯಿಂದ ಕ್ಯಾಂಟನ್ನಿಗೆ ಹೋಗಿ, ಅಲ್ಲಿ ಕೆತ್ತನೆಯ ಬೀಸಣಿಗೆಗಳಾಗಿ ಯುರೋಪಿಗೆ ಹೊರಟಿತು. ಅವನ್ನೂ ಮೈಸೂರಿನ ಕುಸುರಿ ಎನ್ನುವವರಿಲ್ಲ. ಶ್ರೀಗಂಧಕ್ಕೆ ಒಂದು ನ್ಯಾಯ, ಬೀಟೆಗೆ ಇನ್ನೊಂದು ಏಕೆ?

ಮಾದರಿಯ ಸಾಕ್ಷ್ಯ ಇನ್ನೂ ದುರ್ಬಲ. 18ನೇ ಶತಮಾನದ ಆರಂಭದಲ್ಲೇ ಲಂಡನ್ನಿನ ಬಡಗಿಗಳು ಪಾರ್ಲಿಮೆಂಟಿಗೆ ದೂರು ಕೊಟ್ಟಿದ್ದರು. ವರ್ತಕರು ಇಂಗ್ಲಿಷ್ ನಮೂನೆಗಳನ್ನು ಪೂರ್ವದೇಶಕ್ಕೆ ಕಳಿಸಿ, ಅಲ್ಲಿ ಮಾಡಿಸಿ ತರುತ್ತಿದ್ದಾರೆ, ತಮ್ಮ ಹೊಟ್ಟೆಪಾಡಿಗೆ ಕಲ್ಲು ಬೀಳುತ್ತಿದೆ ಎಂಬುದು ಅವರ ಅಳಲು. ಆ ದೂರಿನ ಪಟ್ಟಿಯಲ್ಲಿ ಚಹಾ ಮೇಜುಗಳೇ ಆರು ಸಾವಿರಕ್ಕೂ ಮೀರಿದ್ದವು. ನಮೂನೆಗಳು ಅಷ್ಟು ಸರಾಗವಾಗಿ ಸಮುದ್ರ ದಾಟುತ್ತಿದ್ದ ಕಾಲದಲ್ಲಿ ಕುರ್ಚಿಯ ಬೆನ್ನಿನ ಆಕಾರದಿಂದ ಅದು ಹುಟ್ಟಿದ ಊರನ್ನು ಹೇಳುವುದು ಸಾಧ್ಯವೇ ಇಲ್ಲ.

ಹಾಗಾದರೆ ನಂಬಬೇಕಾದದ್ದು ಯಾವುದನ್ನು? ಕುರ್ಚಿಯನ್ನು ಬೋರಲು ಹಾಕಿದರೆ ಉತ್ತರ ಸಿಗತೊಡಗುತ್ತದೆ.

ಇಂಗ್ಲಿಷ್ ಬಡಗಿ ಆಸನದ ಚೌಕಟ್ಟಿನ ಒಳಮೂಲೆಗಳಿಗೆ ಮರದ ತುಂಡು ಕೂರಿಸಿ, ಅಂಟು ಹಾಕಿ ಬಿಗಿಗೊಳಿಸುತ್ತಾನೆ. ಚೀನೀ ಬಡಗಿಯ ದಾರಿ ಬೇರೆ. ಅವನು ಚೌಕಟ್ಟಿನ ಪಟ್ಟಿಗಳನ್ನು ಮೂಲೆಯಲ್ಲಿ ಓರೆಯಾಗಿ ಕೊಯ್ದು ಕೂಡಿಸುತ್ತಾನೆ. ಒಂದರ ನಾಲಗೆ ಇನ್ನೊಂದರ ತೂತಿನೊಳಗೆ ಇಳಿದು ಕೂರುತ್ತದೆ. ನಡುವಿನ ಹಲಗೆಯನ್ನು ಅಂಟಿಸದೆ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಲು ಬಿಟ್ಟು, ಸುತ್ತಲಿನ ತೋಡಿನಲ್ಲಿ ಕೂರಿಸುತ್ತಾನೆ. ಹಲಗೆಯ ಅಡಿಗೆ ಅಡ್ಡಪಟ್ಟಿಯೊಂದು ಪಾರಿವಾಳದ ಬಾಲದಂತೆ ಅಗಲವಾದ ಅಂಚಿನಿಂದ ಜಾರಿ ಬಂದು ಸಿಕ್ಕಿಕೊಂಡಿರುತ್ತದೆ. ಬಿಡಿಭಾಗಗಳ ಒಳಬದಿಯಲ್ಲಿ ಜೋಡಣೆಯ ಗುರುತಿಗೆ ಬರೆದ ಚೀನೀ ಅಕ್ಷರಗಳು ಎಷ್ಟೋ ಸಲ ಉಳಿದಿರುತ್ತವೆ. ಗಿರಾಕಿಗೆ ಬೇಕಾದದ್ದು ಹೊರಗಿನ ನೋಟ. ಒಳಗಿನ ಕೀಲಿನ ಬಗ್ಗೆ ಲಂಡನ್ನಿನಿಂದ ಯಾವ ಅಪ್ಪಣೆಯೂ ಬರುತ್ತಿರಲಿಲ್ಲ. ಅಲ್ಲಿ ಬಡಗಿ ತನ್ನ ಗುರು ಕಲಿಸಿದಂತೆಯೇ ಕೆಲಸ ಮಾಡಿದ.

ಇದಕ್ಕೆ ಎದುರಾಗುವ ಆಕ್ಷೇಪ ಮರದ ವಾದಕ್ಕಿಂತ ಗಟ್ಟಿಯಾದದ್ದು. ಕೀಲು ಕೈಯನ್ನು ಹೇಳುತ್ತದೆ, ಊರನ್ನಲ್ಲ. ಬಟಾವಿಯಾದಲ್ಲೂ ಕಲ್ಕತ್ತೆಯಲ್ಲೂ ಚೀನೀ ಬಡಗಿಗಳಿದ್ದರಲ್ಲ ಎನ್ನುವವರಿದ್ದಾರೆ. ಇದ್ದದ್ದು ನಿಜ, ಪ್ರಶ್ನೆಯೂ ನ್ಯಾಯವಾದದ್ದು. ಅದಕ್ಕೇ ಕೀಲಿನೊಂದಿಗೆ ಇನ್ನೊಂದು ಸಾಕ್ಷಿ ಬೇಕು: ಡ್ರಾಯರಿನ ತಳ, ಬೀರುವಿನ ಬೆನ್ನುಹಲಗೆಯಂಥ ಕಾಣದ ಜಾಗಗಳ ಮರ. ಮುಂಭಾಗದ ಬೆಲೆಬಾಳುವ ಮರ ಸಾವಿರ ಮೈಲಿ ದೂರದಿಂದ ಬರಬಹುದು. ಒಳಗಿನದಕ್ಕೆ ಬಡಗಿ ಕೈಗೆ ಸಿಗುವ ಅಗ್ಗದ ಮರವನ್ನೇ ಬಳಸುತ್ತಾನೆ. ಚೀನೀ ಕೀಲು, ಚೀನೀ ಗುರುತು, ದಕ್ಷಿಣ ಚೀನಾದ ಕರ್ಪೂರದ ಮರ ಮೂರೂ ಒಂದೆಡೆ ಕೂಡಿದರೆ ಕ್ಯಾಂಟನ್ ಎನ್ನಲು ಹಿಂಜರಿಯಬೇಕಿಲ್ಲ. ಬರೀ ಕೀಲು ಸಿಕ್ಕರೆ ‘ಚೀನೀ ಬಡಗಿಯ ಕೆಲಸ’ ಎಂದಷ್ಟೇ ಬರೆದು, ಊರಿನ ಜಾಗವನ್ನು ಖಾಲಿ ಬಿಡುವುದು ಪ್ರಾಮಾಣಿಕತೆ.

ಇದರಿಂದ ಭಾರತದ ಬಡಗಿಗಳಿಗೆ ಅನ್ಯಾಯವಾಗುತ್ತದೆ ಎಂಬ ಅಳುಕು ಬೇಡ. ವಿಶಾಖಪಟ್ಟಣದ ಕುಶಲಕರ್ಮಿಗಳು ದಂತ ಕೂರಿಸಿ, ಅದರ ಮೇಲೆ ಗೀರಿದ ಚಿತ್ತಾರಕ್ಕೆ ಕಪ್ಪು ಅರಗು ತುಂಬಿ ಮಾಡಿದ ಕೆಲಸ ತನ್ನ ಗುರುತನ್ನು ತಾನೇ ಹೇಳುತ್ತದೆ. ಕಲಾ ಇತಿಹಾಸಕಾರ ಅಮೀನ್ ಜಾಫರ್ ಬ್ರಿಟಿಷ್ ಕಾಲದ ಭಾರತದ ಪೀಠೋಪಕರಣಗಳ ಕುರಿತ 2001ರ ತಮ್ಮ ಗ್ರಂಥದಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನ ಕೊಟ್ಟಿದ್ದಾರೆ. ಕ್ಯಾಂಟನ್ನಿನ ವಸ್ತುಗಳನ್ನು ತಪ್ಪಾಗಿ ಸೇರಿಸಿದರೆ ಆ ಪರಂಪರೆ ಬೆಳೆಯುವುದಿಲ್ಲ, ಮಸುಕಾಗುತ್ತದೆ.

ದೀಪಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಇಂಗ್ಲೆಂಡಿನ ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆಯ ಭೋಜನಶಾಲೆಯಲ್ಲಿ ಡ್ರ್ಯಾಗನ್ನಿನ ಹಿಡಿತದಿಂದ ಇಳಿಬಿದ್ದ, ಸುಮಾರು ಒಂದು ಟನ್ ತೂಕದ ದೀಪಗೊಂಚಲಿದೆ. ಸಂಗೀತಶಾಲೆಯಲ್ಲಿ ತಾವರೆಯಾಕಾರದ ದೀಪಗಳಿವೆ. ನೋಡಿದವರು ಚೀನಾದವೆಂದೇ ಭಾವಿಸುತ್ತಾರೆ. ಎರಡೂ ಬ್ರಿಟನ್ನಿನ ಕೆಲಸ. ಅದೇ ಅರಮನೆಗೆ ನಿಜವಾದ ಚೀನೀ ಬಿದಿರು ಕುರ್ಚಿಗಳೂ ಬಂದಿದ್ದವು. ಕ್ಯಾಂಟನ್ನಿನ ಗಾಜಿನ ಚಿತ್ರಗಳದು ಇದಕ್ಕೆ ತಿರುಗುಮುರುಗು ಕತೆ. ಯುರೋಪಿನ ಹಾಳೆಗಾಜು ಕ್ಯಾಂಟನ್ನಿಗೆ ಹೋಗಿ, ಹಿಂಬದಿಯಲ್ಲಿ ಚಿತ್ರ ಬರೆಸಿಕೊಂಡು ಮತ್ತೆ ಯುರೋಪಿಗೆ ಮರಳಿತು. ಮೈಸೂರು, ತಂಜಾವೂರುಗಳಲ್ಲಿ ಬೇರೂರಿದ ಗಾಜಿನ ಹಿಂಬದಿ ಚಿತ್ರಕಲೆಯೂ ಭಾರತಕ್ಕೆ ಬಂದದ್ದು ಈ ಚೀನೀ ವ್ಯಾಪಾರದ ದಾರಿಯಲ್ಲೇ.

ಪಿಂಗಾಣಿ ಹೂದಾನಿಯಿಂದ ಮಾಡಿದ ಮೇಜುದೀಪವನ್ನೂ ತಿರುಗಿಸಿಯೇ ನೋಡಬೇಕು. ವಿದ್ಯುತ್ ತಂತಿಗಾಗಿ ಇಪ್ಪತ್ತನೇ ಶತಮಾನದಲ್ಲಿ ಎಷ್ಟೋ ಹಳೆಯ ಹೂದಾನಿಗಳ ತಳ ಕೊರೆದರು. ಕೊರೆದ ತೂತಿನ ಅಂಚು ಬೆಳ್ಳಗೆ, ಹರಿತವಾಗಿರುತ್ತದೆ. ಗಿಡ ನೆಡಲೆಂದು ಕುಂಬಾರನೇ ಬಿಟ್ಟ ತೂತಿನ ಅಂಚು ಆವಿಗೆಯ ಬೆಂಕಿಯಲ್ಲಿ ಬೆಂದು ನುಣುಪಾಗಿರುತ್ತದೆ. ಮರದ ಪೀಠ ಬಿಚ್ಚದೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಎಷ್ಟೋ ಮಾರಾಟಗಾರರು ಪೀಠ ಬಿಚ್ಚಲು ಒಪ್ಪುವುದೂ ಇಲ್ಲ.

ಚೀನೀ ಕಲೆಯ ಇತಿಹಾಸಕಾರ ಕ್ರೇಗ್ ಕ್ಲೂನಸ್ 1987ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗಾಗಿ ಸಂಪಾದಿಸಿದ ಪುಸ್ತಕ ರಫ್ತು ಕಲೆಯನ್ನು ಗಂಭೀರ ಅಧ್ಯಯನದ ವಿಷಯವಾಗಿ ನಿಲ್ಲಿಸಲು ನೆರವಾಯಿತು. ಭಾರತದಲ್ಲಿ ಆಗಬೇಕಾದ ಕೆಲಸ ಇನ್ನೂ ಬಾಕಿ ಇದೆ. ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂನಲ್ಲಿ ಚೀನಾದ ವಸ್ತುಗಳಿವೆ. ಹಳೆಯ ಅರಮನೆ, ಬಂಗಲೆಗಳಲ್ಲೂ ವಿದೇಶಿ ಮಾದರಿಯ ಗಟ್ಟಿಮರದ ಸಾಮಾನುಗಳಿವೆ. ಮೊದಲು ಪ್ರತಿ ವಸ್ತುವಿನ ತಳ, ಬೆನ್ನು, ಡ್ರಾಯರಿನ ಒಳಭಾಗಗಳ ಛಾಯಾಚಿತ್ರ ದಾಖಲಾಗಬೇಕು. ನಂತರ ಕಾಣದ ಜಾಗದಿಂದ ಒಂದು ಸಿಬಿರಿನಷ್ಟು ಮರ ತೆಗೆದು ಪರೀಕ್ಷೆಗೆ ಕಳಿಸಬೇಕು. ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಇದೆ. ಈ ದತ್ತಿಯ ಮುಂದಿನ ವರ್ಷಗಳ ಹಣದಲ್ಲಿ ಒಂದು ಪಾಲು ಇಂಥ ದಾಖಲೆಯ ಕೆಲಸಕ್ಕೆ ಸಂದರೆ, ಮೊದಲ ನೂರು ವಸ್ತುಗಳ ಪಟ್ಟಿ ಸಿದ್ಧವಾಗುವ ಹೊತ್ತಿಗೆ ಮೇಲಿನ ವಾದ ಎಷ್ಟು ಸರಿ ಎಂಬುದನ್ನು ಎದುರಾಳಿಗಳೇ ತೂಗಿ ನೋಡಬಹುದು.