ಬಂದೂಕಿಲ್ಲದ ಮನೆಯ ಮದ್ದುಗುಂಡು

(ಚಿಕ್ಕೋಡಿ ಭಾಗದ ರೈತರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಗುಡ್ಡ, ಕಾಡು, ಹೊಳೆಗಳ ಬಗ್ಗೆ ಮಾತನಾಡಬೇಕಾದವರು ಮದ್ದುಗುಂಡಿನ ಕಾಯಿದೆಯನ್ನು ಏಕೆ ಎತ್ತಿಕೊಂಡರು ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡಿದ್ದರೆ ಅದು ಸಹಜವೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಬಯಲುಸೀಮೆಯವು. ಆದರೆ ಇಲ್ಲಿ ಹರಿಯುವ ದೂಧಗಂಗಾ, ವೇದಗಂಗಾ, ಕೃಷ್ಣೆಯರು ಹುಟ್ಟುವುದು ಸಹ್ಯಾದ್ರಿಯ ನೆತ್ತಿಯಲ್ಲಿ. ನೀರು ಮೇಲಿನಿಂದ ಕೆಳಗೆ ಬರುತ್ತದೆ. ಕೋವಿಯ ಈಡು ಕೆಳಗಿನಿಂದ ಮೇಲಕ್ಕೂ ಹೋಗಬಲ್ಲದು. ಹೊಲದ ಕಾವಲಿಗೆಂದು ತಂದ ಕಾಡತೂಸು ಹೊಲದಲ್ಲಿಯೇ ಉಳಿಯುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ. ಅದಕ್ಕಾಗಿ ಈ ವಿಷಯ ನಮ್ಮದೂ ಹೌದು, ನಿಮ್ಮದೂ ಹೌದು.

ಆಯುಧದ ಕಾನೂನು ಎಂದೊಡನೆ ಈ ನಾಡಿನ ಜನರಿಗೆ ಒಂದು ಹಳೆಯ ನೋವು ನೆನಪಾಗುತ್ತದೆ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಆಜ್ಞೆ ಹೊರಡಿಸಿದಾಗ ಇಂದಿನ ಮುಧೋಳ ತಾಲೂಕಿನ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಊರಿಗೆ ಊರನ್ನೇ ಕಳೆದುಕೊಂಡರು. ಮುಂದೆ 1878ರಲ್ಲಿ ಆಯುಧ ಕಾಯಿದೆ ಬಂದಿತು. ಅದು ಪ್ರಜೆಗಳನ್ನು ನಂಬದ ಸರಕಾರದ ಕಾಯಿದೆಯಾಗಿತ್ತು. ಸ್ವಾತಂತ್ರ್ಯಾನಂತರ ಸಂಸತ್ತು 1959ರಲ್ಲಿ ಹೊಸ ಆಯುಧ ಅಧಿನಿಯಮವನ್ನು ರಚಿಸಿತು. 1962ರ ಅಕ್ಟೋಬರ್‌ನಿಂದ ಅದು ಜಾರಿಯಲ್ಲಿದೆ. ಅದರ ನಿಯಮಗಳನ್ನು 2016ರಲ್ಲಿ ಹೊಸದಾಗಿ ಬರೆಯಲಾಯಿತು. 2019ರ ತಿದ್ದುಪಡಿ ಶಿಕ್ಷೆಗಳನ್ನು ಹೆಚ್ಚಿಸಿತು. ಇದು ನಾವೇ ಆರಿಸಿದವರು ಮಾಡಿದ ಕಾನೂನು. ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ಪ್ರಶ್ನಿಸುವ ಮೊದಲು ಅದರಲ್ಲಿ ಏನಿದೆ ಎಂದು ತಿಳಿಯುವುದು ಒಳ್ಳೆಯದು.

ಹಳ್ಳಿಗಳಲ್ಲಿ ಬಲವಾಗಿ ಬೇರೂರಿದ ಒಂದು ತಪ್ಪು ತಿಳುವಳಿಕೆಯಿದೆ: “ಬಂದೂಕೇ ಇಲ್ಲ, ಬರಿಯ ಗುಂಡು ಇದ್ದರೆ ಏನಾಯಿತು?” ಎಂಬುದು. ಅಧಿನಿಯಮದ 3ನೆಯ ಕಲಮು ಬಂದೂಕನ್ನೂ ಮದ್ದುಗುಂಡನ್ನೂ ಒಂದೇ ಸಾಲಿನಲ್ಲಿ ಇರಿಸುತ್ತದೆ. ಪರವಾನಗಿಯಿಲ್ಲದೆ ಇವೆರಡರಲ್ಲಿ ಯಾವುದನ್ನೂ ಪಡೆಯಬಾರದು, ಇಟ್ಟುಕೊಳ್ಳಬಾರದು, ಒಯ್ಯಬಾರದು. ಒಂದು ಕಾಡತೂಸಾದರೂ ಅಷ್ಟೇ, ನೂರಾದರೂ ಅಷ್ಟೇ. ಪಿಸ್ತೂಲಿನದಾದರೂ ಅಷ್ಟೇ, ತೋಟೆ ಕೋವಿಯದಾದರೂ ಅಷ್ಟೇ. ಮದ್ದುಗುಂಡು ಎಂಬುದಕ್ಕೆ ಕೊಟ್ಟಿರುವ ಅರ್ಥವೂ ವಿಶಾಲವಾಗಿದೆ. ಅದರ ಭಾಗಗಳು, ಅದನ್ನು ತಯಾರಿಸುವ ಯಂತ್ರಗಳು ಹಾಗೂ ಕೇಂದ್ರ ಸರಕಾರ ಹೆಸರಿಸುವ ಮೂಲವಸ್ತುಗಳು ಕೂಡ ಅದರೊಳಗೆ ಬರುತ್ತವೆ.

ಪರವಾನಗಿ ಇದ್ದವರಿಗೂ ಮಿತಿಯುಂಟು. ಪರವಾನಗಿ ಪುಸ್ತಕದಲ್ಲಿ ಬಂದೂಕಿನ ವಿವರದ ಜೊತೆಗೆ ಎರಡು ಸಂಖ್ಯೆಗಳನ್ನು ಬರೆದಿರುತ್ತಾರೆ: ಒಮ್ಮೆಗೆ ಎಷ್ಟು ಕಾಡತೂಸು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು. ಆ ಸಂಖ್ಯೆಯನ್ನು ಮೀರಿದ ಹೆಚ್ಚುವರಿ ಗುಂಡಿಗೆ ಆ ಪುಸ್ತಕ ರಕ್ಷಣೆ ಕೊಡುವುದಿಲ್ಲ. ಒಂದು ನಮೂನೆಯ ಬಂದೂಕಿಗೆ ಪಡೆದ ಪರವಾನಗಿ ಇನ್ನೊಂದು ನಮೂನೆಯ ಗುಂಡಿಗೆ ನಡೆಯುವುದಿಲ್ಲ. ಬೆಳೆ ಕಾವಲಿಗೆ ನಳಿಗೆ ಕೋವಿಯ ಪರವಾನಗಿ ಇರುವವನ ಜೇಬಿನಲ್ಲಿ ಪಿಸ್ತೂಲಿನ ಗುಂಡು ಸಿಕ್ಕರೆ, ಅವನು ಪಿಸ್ತೂಲಿನ ಮಟ್ಟಿಗೆ ಪರವಾನಗಿಯೇ ಇಲ್ಲದವನಾಗುತ್ತಾನೆ.

ಹಾಗಾದರೆ ಪರವಾನಗಿ ಇಲ್ಲದವನು ಯಾವ ಸಂದರ್ಭದಲ್ಲಿಯೂ ಮದ್ದುಗುಂಡನ್ನು ಮುಟ್ಟುವಂತಿಲ್ಲವೇ? 3ನೆಯ ಕಲಮಿನಲ್ಲಿಯೇ ಒಂದು ಕಿರುಬಾಗಿಲು ಇದೆ. ಪರವಾನಗಿದಾರನು ಎದುರಿಗಿದ್ದಾಗ, ಅಥವಾ ಅವನು ಬರವಣಿಗೆಯಲ್ಲಿ ಅಧಿಕಾರ ಕೊಟ್ಟಾಗ, ಬೇರೊಬ್ಬನು ಅವನ ಬಂದೂಕನ್ನಾಗಲಿ ಗುಂಡನ್ನಾಗಲಿ ಒಯ್ಯಬಹುದು. ಅದು ಮೂರು ಕಾರಣಗಳಿಗೆ ಮಾತ್ರ: ದುರಸ್ತಿಗೆ, ಪರವಾನಗಿಯ ನವೀಕರಣಕ್ಕೆ, ಇಲ್ಲವೇ ಆ ಪರವಾನಗಿದಾರನ ಸ್ವಂತ ಬಳಕೆಗೆ. ಬಾಯಿಮಾತಿನ ಒಪ್ಪಿಗೆ ಸಾಲದು. “ಕಾಕಾ ಕೊಟ್ಟ, ನಾನು ತಂದೆ” ಎಂಬ ಉತ್ತರ ಠಾಣೆಯಲ್ಲಿ ನಡೆಯದು. ಕಾಕಾ ಜೊತೆಯಲ್ಲಿರಬೇಕು, ಇಲ್ಲವೇ ಕಾಕಾನ ಸಹಿಯ ಕಾಗದ ಕೈಯಲ್ಲಿರಬೇಕು.

ಈಗ ಈ ಐದು ತಾಲೂಕುಗಳಿಗೇ ವಿಶೇಷವಾದ ಮಾತು. ನೀವು ಗಡಿಯಲ್ಲಿದ್ದೀರಿ. ನಿಪ್ಪಾಣಿಯವರಿಗೆ ಕಾಗಲ, ಕೊಲ್ಹಾಪುರ ಸಂತೆಯಷ್ಟು ಹತ್ತಿರ. ಕಾಗವಾಡದವರಿಗೆ ಮೀರಜ, ಸಾಂಗಲಿ ಹಾಗೆಯೇ. ಉಗಾರ, ಕುಡಚಿ, ಚಿಂಚಲಿ, ರಾಯಬಾಗಗಳ ರೈಲು ಮೀರಜಿಗೇ ಹೋಗುತ್ತದೆ. ಬೀಗತನ, ದವಾಖಾನೆ, ವ್ಯಾಪಾರ ಯಾವುದಕ್ಕೂ ಗಡಿ ಅಡ್ಡ ಬರುವುದಿಲ್ಲ. ಆದರೆ ಪರವಾನಗಿಗೆ ಗಡಿ ಉಂಟು. ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಪುಸ್ತಕದಲ್ಲಿಯೇ ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಸಿಂಧುವಾದ ಪರವಾನಗಿ ಹಿಡಿದು ಗಡಿಯ ಆಚೆಯ ನಾಕೆಯಲ್ಲಿ ನಿಂತರೆ ಅಲ್ಲಿಯವರು ಕೇಳುವ ಪ್ರಶ್ನೆಗೆ ಉತ್ತರವಿರುವುದಿಲ್ಲ. ಚುನಾವಣೆಯ ಕಾಲದಲ್ಲಂತೂ ಗಡಿಯ ನಾಕೆಗಳಲ್ಲಿ ಪ್ರತಿ ವಾಹನದ ತಪಾಸಣೆ ನಡೆಯುತ್ತದೆ. ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ದುರುದ್ದೇಶಕ್ಕಾಗಿ ಒಯ್ಯುತ್ತಿದ್ದಾನೆ ಎಂಬ ಸಕಾರಣ ಸಂಶಯ ಬಂದರೆ, 20ನೆಯ ಕಲಮಿನಂತೆ ಪೊಲೀಸರಷ್ಟೇ ಅಲ್ಲ, ರೈಲು ಅಥವಾ ಬಸ್ಸಿನ ನೌಕರರೂ ಆ ವ್ಯಕ್ತಿಯನ್ನು ವಾರಂಟಿಲ್ಲದೆ ಹಿಡಿದು ಗುಂಡನ್ನು ವಶಪಡಿಸಿಕೊಳ್ಳಬಹುದು. ಪರವಾನಗಿ ಇದ್ದರೂ ಆ ಅಧಿಕಾರ ಅವರಿಗೆ ಇದೆ.

ಶಿಕ್ಷೆಯ ಮಾತಿಗೆ ಬರೋಣ. 3ನೆಯ ಕಲಮನ್ನು ಮೀರಿ ಬಂದೂಕು ಇಲ್ಲವೆ ಮದ್ದುಗುಂಡು ಇಟ್ಟುಕೊಂಡವರಿಗೆ ಮೊದಲು ಒಂದರಿಂದ ಮೂರು ವರ್ಷಗಳ ಸೆರೆವಾಸವಿತ್ತು. 2019ರ ತಿದ್ದುಪಡಿಯ ನಂತರ ಅದು ಎರಡರಿಂದ ಐದು ವರ್ಷ, ಜೊತೆಗೆ ದಂಡ. ನಿಷೇಧಿತ ವರ್ಗದ ಮದ್ದುಗುಂಡಾದರೆ ಏಳರಿಂದ ಹದಿನಾಲ್ಕು ವರ್ಷ. ಮದುವೆ, ಮೆರವಣಿಗೆ, ಗೆಲುವಿನ ಸಂಭ್ರಮಗಳಲ್ಲಿ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಈ ಅಧಿನಿಯಮದ ಎಲ್ಲ ಅಪರಾಧಗಳಲ್ಲಿಯೂ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದು.

ಕಾನೂನಿಗೆ ಕರುಣೆಯೂ ಇಲ್ಲದಿಲ್ಲ. ತನ್ನ ಬಳಿ ಇದೆ ಎಂಬ ಅರಿವಿದ್ದಾಗ ಮಾತ್ರ ಅದು ‘ಸ್ವಾಧೀನ’ವಾಗುತ್ತದೆ ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ 1972ರ ಗುಣವಂತಲಾಲ್ ಪ್ರಕರಣದಲ್ಲಿಯೂ 1994ರ ಸಂಜಯ್ ದತ್ ಪ್ರಕರಣದಲ್ಲಿಯೂ ವಿವರಿಸಿದೆ. ಚೀಲದ ಮೂಲೆಯಲ್ಲಿ ಅರಿವಿಲ್ಲದೆ ಉಳಿದ ಒಂದು ಕಾಡತೂಸಿನ ಪ್ರಕರಣಗಳನ್ನು ದೆಹಲಿ ಉಚ್ಚ ನ್ಯಾಯಾಲಯ ಇದೇ ತತ್ವದ ಮೇಲೆ ರದ್ದುಗೊಳಿಸಿದ್ದುಂಟು. 3ನೆಯ ಕಲಮಿನ ಮೊಕದ್ದಮೆ ಹೂಡಲು ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಬೇಕು ಎಂಬ 39ನೆಯ ಕಲಮೂ ಒಂದು ರಕ್ಷಣೆಯೇ. ಆದರೆ ಇವೆಲ್ಲ ಬಂಧನದ ನಂತರದ ಮಾತುಗಳು. ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತುವಷ್ಟರಲ್ಲಿ ಒಬ್ಬ ಸಣ್ಣ ರೈತನ ಎರಡು ಹಂಗಾಮು ಕೈಬಿಟ್ಟು ಹೋಗಿರುತ್ತವೆ.

ಇನ್ನು ಎಷ್ಟೋ ಮನೆಗಳ ಟ್ರಂಕಿನಲ್ಲಿರುವ ಸಂಗತಿ. ಅಜ್ಜನಿಗೆ ಪರವಾನಗಿ ಇತ್ತು, ಅಜ್ಜ ತೀರಿಕೊಂಡರು, ಬಂದೂಕನ್ನು ಠಾಣೆಗೆ ಒಪ್ಪಿಸಿದರು, ಹತ್ತು ಹನ್ನೆರಡು ಕಾಡತೂಸುಗಳು ಮಾತ್ರ ಧೋತರದ ಗಂಟಿನಲ್ಲಿ ಉಳಿದವು ಎಂದು ಊಹಿಸಿಕೊಳ್ಳಿ. ಅಜ್ಜನ ಪರವಾನಗಿ ಅಜ್ಜನೊಡನೆಯೇ ಮುಗಿಯಿತು. 21ನೆಯ ಕಲಮಿನಂತೆ, ಯಾವ ಕಾರಣದಿಂದಲೇ ಆಗಲಿ ಸ್ವಾಧೀನವು ಕಾನೂನುಬದ್ಧವಾಗಿ ಉಳಿಯದಿದ್ದಾಗ, ಅನಗತ್ಯ ವಿಳಂಬ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಇಲ್ಲವೆ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಅವನ್ನು ಠೇವಣಿ ಇಡಬೇಕು. ವಾರಸುದಾರರು ಮುಂದೆ ಪರವಾನಗಿ ಪಡೆದರೆ ಅವನ್ನು ಹಿಂದಕ್ಕೆ ಪಡೆಯಲೂಬಹುದು. ಬಾವಿಗೆ ಎಸೆಯುವುದು, ಒಲೆಗೆ ಹಾಕುವುದು, ನೆಂಟರಿಗೆ ಕೊಡುವುದು ಇವು ಮೂರೂ ಅಪಾಯದ ದಾರಿಗಳು. ಠಾಣೆಗೆ ಒಯ್ಯುವ ಮೊದಲು ಬರಹದಲ್ಲಿ ತಿಳಿಸಿ; ಸಾಧ್ಯವಾದರೆ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ; ಸ್ವೀಕೃತಿ ಪತ್ರವಿಲ್ಲದೆ ಹಿಂದಿರುಗಬೇಡಿ.

ಬೆಳೆಯ ಕಾವಲು ಎಂಬ ನಿಜವಾದ ಸಂಕಟವನ್ನು ಈಗ ನೋಡೋಣ. ಕಬ್ಬಿನ ಗದ್ದೆ ಕಾಡುಹಂದಿಗೆ ಒಳ್ಳೆಯ ಅಡಗುದಾಣ. ಒಂದೇ ರಾತ್ರಿಯಲ್ಲಿ ಗೋವಿನಜೋಳದ ಹೊಲ ನೆಲಸಮವಾಗಬಲ್ಲದು. 1959ರ ಅಧಿನಿಯಮವೂ ಈ ಸಂಕಟವನ್ನು ಅರಿತಿದೆ. ಪ್ರಾಮಾಣಿಕವಾದ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯ ಪರವಾನಗಿಯನ್ನು 13ನೆಯ ಕಲಮು ಹೆಸರಿಸಿಯೇ ಹೇಳುತ್ತದೆ. ಆದರೆ ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಪ್ರಕಾರ ಕಾಡುಹಂದಿಯೂ ಸಂರಕ್ಷಿತ ಪ್ರಾಣಿ. 2022ರ ತಿದ್ದುಪಡಿಯ ನಂತರ ಅದು ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯವಾದಾಗ 11ನೆಯ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಬರವಣಿಗೆಯಲ್ಲಿ ಅನುಮತಿ ನೀಡಬೇಕು. ಅಭಯಾರಣ್ಯದ ಒಳಗೆ ಮತ್ತು ಅದರ ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ನೋಂದಾಯಿಸಬೇಕು ಎಂದು 34ನೆಯ ಕಲಮು ಹೇಳುತ್ತದೆ. ಗೋಕಾಕ ತಾಲೂಕಿನ ಘಟಪ್ರಭಾ ಪಕ್ಷಿಧಾಮದ ಈ ವ್ಯಾಪ್ತಿಗೆ ತಮ್ಮ ಊರು ಬರುವುದೇ ಎಂದು ರಾಯಬಾಗದ ಕಡೆಯವರು ಅರಣ್ಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಕೋವಿ ಬೇಡವೆಂದು ಸಿಡಿಮದ್ದಿನ ಉಂಡೆ ಇಡುವ ಮಾರ್ಗ ಇನ್ನೂ ಘೋರವಾದುದು. 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಸಿಡಿಮದ್ದಿಗೆ ಬಾಯೊಡ್ಡಿ, ನೋವು ತಾಳಲಾರದೆ ಹೊಳೆಯಲ್ಲಿ ನಿಂತಂತೆಯೇ ಸತ್ತುದನ್ನು ದೇಶವೆಲ್ಲ ಕಂಡಿತು. ಹಂದಿಗೆಂದು ಇಟ್ಟ ಉಂಡೆಗೆ ಹಂದಿ, ಎಮ್ಮೆ, ಆಡುವ ಕೂಸು ಎಂಬ ಭೇದ ತಿಳಿಯದು. ಕೋವಿಯ ಸೀಸದ ಚಿಲ್ಲುಗಳೂ ಕೆರೆಯಂಚಿನ ಕೆಸರಿನಲ್ಲಿ ಉಳಿದು, ಕಾಳೆಂದು ನುಂಗಿದ ಬಾತುಕೋಳಿಗಳಿಗೆ ವಿಷವಾಗುತ್ತವೆ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ, ನಮಗೇಕಿಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಆ ನಾಡಿನ ಇತಿಹಾಸಕ್ಕೆ ಅಂಟಿಕೊಂಡ ವಿನಾಯಿತಿ. ಕೇಂದ್ರ ಸರಕಾರ ಅದನ್ನು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿದೆ. ಅದನ್ನು ಇಲ್ಲಿಗೆ ತರುವುದರಿಂದ ನಮ್ಮ ಹೊಲ ಉಳಿಯುವುದಿಲ್ಲ. ಹೊಲ ಉಳಿಯಲು ಬೇಕಾದುದು ಬೇರೆ. ಬೆಳೆಹಾನಿಯ ಪರಿಹಾರ ಹಂಗಾಮು ಮುಗಿಯುವುದರೊಳಗೆ ರೈತನ ಕೈಸೇರಬೇಕು. ಊರಿನವರು ಕೂಡಿ ಬೇಲಿ ಕಟ್ಟಲು, ಸರದಿಯ ಮೇಲೆ ಕಾವಲು ಕಾಯಲು ನೆರವು ಸಿಗಬೇಕು. ಹಳೆಯ ಮದ್ದುಗುಂಡನ್ನು ತಾವಾಗಿಯೇ ಒಪ್ಪಿಸಲು ಬಂದವರನ್ನು ಅಪರಾಧಿಗಳಂತೆ ಕಾಣದೆ ಸ್ವೀಕೃತಿ ಕೊಟ್ಟು ಕಳುಹಿಸುವ ದಿನವೊಂದನ್ನು ಪ್ರತಿ ಠಾಣೆಯಲ್ಲಿ ಗೊತ್ತುಪಡಿಸಬೇಕು. ಈ ಕಾನೂನಿನ ಸಾರವನ್ನು ಕನ್ನಡದಲ್ಲಿಯೂ, ಗಡಿಯ ಊರುಗಳಲ್ಲಿ ಮರಾಠಿಯಲ್ಲಿಯೂ ಪಂಚಾಯತಿಯ ಗೋಡೆಗೆ ಬರೆಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ಠರಾವಿನ ರೂಪದಲ್ಲಿ ಮಂಡಿಸಿರೆಂದು ಕೇಳಿಕೊಳ್ಳುತ್ತೇನೆ.

ಇಂದು ಮನೆಗೆ ಹೋದ ಮೇಲೆ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿ. ಏನಾದರೂ ಸಿಕ್ಕರೆ ಮಕ್ಕಳ ಕೈಗೆ ಹೋಗದಂತೆ ಬೀಗ ಹಾಕಿ, ನಾಳೆಯೇ ಠಾಣೆಗೆ ಅರ್ಜಿ ಬರೆಯಿರಿ.